ಎಡ ಸೀಟಿನ ಬ್ರೇಕು

ನಮ್ಮ ಸ್ವಿಫ್ಟ್ ತಗೊಂಡು ಹದಿಮೂರು ವರ್ಷ ಆಗಿತ್ತು. ಡೀಸೆಲ್ ಗಾಡಿ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಓಣಿಗೆ ಅದು ತಿರುಗಿದ ಸದ್ದು ಕೇಳಿದರೆ ಸಾಕು, ಅತ್ತೆ ಒಳಗೆ ಚಹಾಕ್ಕೆ ಇಡುತ್ತಿದ್ದರು. ಎರಡು ಸಲ ಕ್ಲಚ್ ಬದಲಾಗಿತ್ತು. ಮೂರನೇ ಸಲ ಬದಲಿಸುವ ಹೊತ್ತಿಗೆ ಮೆಕ್ಯಾನಿಕ್ಕು, "ಅಕ್ಕಾರ, ಇನ್ನ ಇದಕ್ಕ ರೊಕ್ಕ ಸುರೀಬ್ಯಾಡ್ರಿ" ಅಂದ. ತನ್ನ ಆದಾಯಕ್ಕೆ ತಾನೇ ಕಲ್ಲು ಹಾಕಿಕೊಳ್ಳುವ ಮೆಕ್ಯಾನಿಕ್ಕಿನ ಮಾತು ಕೇಳಲೇಬೇಕು.

ಅದೇ ಗಾಡಿ ಇನ್ನೊಂದು ಸಿಕ್ಕಿದ್ದರೆ ಸುಮ್ನೆ ತಂದುಬಿಡುತ್ತಿದ್ದೆವು. ಆದರೆ ಮಾರುತಿಯವರು 2020ರಲ್ಲೇ ಡೀಸೆಲ್ ನಿಲ್ಲಿಸಿದ್ದಾರೆ. ಈಗಿನ ಸ್ವಿಫ್ಟ್ ಪೆಟ್ರೋಲು, ಎಂಜಿನ್ನಿನ ಶಕ್ತಿ 82 ಪಿಎಸ್. ಒಳ್ಳೆ ಗಾಡಿ, ಮೈಲೇಜೂ ಬರುತ್ತದೆ. ಆದರೆ ಈ ಸಲ ನಮಗಿಬ್ಬರಿಗೂ ಬೇಕಾಗಿದ್ದು ಮೈಲೇಜ್ ಅಲ್ಲ. ಮಕ್ಕಳಿಬ್ಬರೂ ಹಾಸ್ಟೆಲ್ ಸೇರಿದ್ದಾರೆ. ಮನೆಯಲ್ಲಿ ಉಳಿದವರು ಮೂರು ಜನ. ಸಂಬಳದಲ್ಲಿ ಒಂದಿಷ್ಟು ಉಳಿಯುತ್ತಿದೆ. ಒಮ್ಮೆಯಾದರೂ ಓಡಿಸಲು ಮಜಾ ಕೊಡುವ ಗಾಡಿ ತಗೋಬೇಕು ಅಂತ ಇಬ್ಬರಿಗೂ ಆಸೆ. ಯಾವುದು ಮಜಾ ಅನ್ನೋದರಲ್ಲಿ ಮಾತ್ರ ಜಗಳ.

ನನ್ನ ಗಂಡ ಉದ್ಯಮಬಾಗದಲ್ಲಿ, ಎಂಜಿನ್ನಿನ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಮಷಿನಿಂಗ್ ಮಾಡುವ ಕಾರ್ಖಾನೆಯಲ್ಲಿದ್ದಾರೆ. ನಮ್ಮೂರಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಭಾಗಗಳು ಎಷ್ಟೋ ಗಾಡಿಗಳ ಹೊಟ್ಟೆಯಲ್ಲಿವೆ. ಹಾಗಾಗಿ ಕಾರು ಅಂದರೆ ಅವರಿಗೆ ಮೊದಲು ಕಾಣುವುದು ಎಂಜಿನ್. ಅವರ ಮನಸ್ಸು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮೇಲೆ. 1.5 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್, ಎಳೆಯುವ ಬಲ (ಟಾರ್ಕ್) 250 ಎನ್‌ಎಂ. ನನ್ನ ಕಣ್ಣು ಹ್ಯುಂಡೈ ಐ20 ಎನ್ ಲೈನ್ ಮೇಲೆ. ಒಂದೇ ಲೀಟರಿನ ಮೂರು ಸಿಲಿಂಡರ್ ಟರ್ಬೊ, 120 ಪಿಎಸ್, 172 ಎನ್‌ಎಂ. ಆರು ಗೇರಿನ ಮ್ಯಾನ್ಯುಯಲ್ಲೂ ಇದೆ. ನನಗೆ ಗೇರು ಬೇಕೇ ಬೇಕು. ಗೇರಿಲ್ಲದ ಗಾಡಿ ಓಡಿಸಿದರೆ ಒಗ್ಗರಣೆ ಇಲ್ಲದ ಸಾರು ಉಂಡ ಹಾಗಾಗುತ್ತದೆ.

"ನಮ್ಮ ಹಳೇ ಸ್ವಿಫ್ಟೇ 190 ಎನ್‌ಎಂ ಐತಿ. ಹೊಸಾ ಗಾಡಿ ತಗೊಂಡು 172ಕ್ಕ ಇಳಿಯೂದ?" ಅಂತ ಅವರ ವಾದ. ಕಾಗದದ ಮೇಲೆ ಅದು ಸರಿಯೇ. ಆದರೆ ಹಳೇ ಡೀಸೆಲ್ಲು ನಿಮಿಷಕ್ಕೆ ಎರಡು ಸಾವಿರ ಸುತ್ತು (ಆರ್‌ಪಿಎಂ) ಮುಟ್ಟುವ ತನಕ ನಿದ್ದೆ ಮಾಡಿ, ಆಮೇಲೆ ಒಮ್ಮೆಲೇ ಎದ್ದು ಬೆನ್ನಿಗೆ ಗುದ್ದಿ, ಅಷ್ಟೇ ಬೇಗ ಸುಸ್ತಾಗುತ್ತಿತ್ತು. ಈ ಪುಟ್ಟ ಪೆಟ್ರೋಲು 1,500ಕ್ಕೇ ಎದ್ದು 4,000ದ ತನಕ ಎಳೆಯುತ್ತದೆ. ಇದನ್ನು ನಾನು ಅವರಿಗೇ ಹೇಳಿಕೊಟ್ಟೆ. ಕ್ರ್ಯಾಂಕ್‌ಶಾಫ್ಟಿನವರಿಗೆ ಸಿಟ್ಟು ಬಂತು.

ಕಾರು ಜಾಸ್ತಿ ಓಡಿಸುವುದು ನಾನೇ ಅನ್ನುವುದನ್ನೂ ಇಲ್ಲಿ ಹೇಳಬೇಕು. ನಾನು ಪಾಠ ಮಾಡುವುದು ಸಂಕೇಶ್ವರದಲ್ಲಿ. ಹೋಗುವಾಗ ಐವತ್ತು ಕಿಲೋಮೀಟರ್, ಬರುವಾಗ ಐವತ್ತು. ಕಾಕತಿ, ಹತ್ತರಗಿ ಟೋಲು, ಆರು ಪಥದ ಕೆಲಸಕ್ಕೆ ಅಲ್ಲಲ್ಲಿ ತಿರುಗಿಸಿದ ದಾರಿ. ಅವರಿಗೆ ಉದ್ಯಮಬಾಗ ನಾಲ್ಕು ಕಿಲೋಮೀಟರ್. ಅದಕ್ಕೂ ಸ್ಕೂಟರೇ ಸಾಕು.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯಿತಲ್ಲ, ಆಗ ಮನೆಯಲ್ಲಿ ಮತ್ತೊಂದು ಸುತ್ತಿನ ಚರ್ಚೆ. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ದಾಟದ ಪೆಟ್ರೋಲ್ ಗಾಡಿಗೆ ತೆರಿಗೆ ಸೆಸ್ಸೂ ಸೇರಿ ನೂರಕ್ಕೆ 29ರಿಂದ 18ಕ್ಕೆ ಬಂತು. ಐ20 ಉದ್ದ 3,995 ಮಿಲಿಮೀಟರ್. ಐದು ಮಿಲಿಮೀಟರಲ್ಲಿ ಪಾಸು! ವರ್ಟಸ್ಸಿನದು 45ರಿಂದ 40ಕ್ಕೆ. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಐದರಿಂದ ಹತ್ತು ಲಕ್ಷದ ತನಕ ನೂರಕ್ಕೆ 14, ಅಲ್ಲಿಂದ ಇಪ್ಪತ್ತು ಲಕ್ಷದ ತನಕ 17. ಅದಕ್ಕೂ ಒಂದು ಸೆಸ್ಸು. ಗಡಿಯಲ್ಲಿರುವ ಊರು ನಮ್ಮದು. ಮಹಾರಾಷ್ಟ್ರದ ಎಂಎಚ್, ಗೋವಾದ ಜಿಎ ನಂಬರಿನ ಗಾಡಿ ಕಂಡಾಗಲೆಲ್ಲ ಗಂಡ ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ಎರಡು ಗಾಡಿಗಳ ನಡುವೆ ಐದು ಲಕ್ಷಕ್ಕೂ ಜಾಸ್ತಿ ಅಂತರ ಬಂತು. "ರೊಕ್ಕದ ಮಾತು ಆಮ್ಯಾಲ, ಮದಲ ಓಡ್ಸಿ ನೋಡೂಣು" ಅಂದರು. ರೊಕ್ಕದ ಮಾತು ಮುಂದೂಡುವವರು ಯಾವಾಗಲೂ ದುಬಾರಿ ಗಾಡಿಯ ಪಕ್ಷದವರೇ.

ದಸರಾ ಮುಗಿದ ಮೊದಲ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಐ20ಯ ಶೋರೂಮಿಗೆ ಹೋದೆವು. ಓಡಿಸಿ ನೋಡಬೇಕು ಅಂತ ಕೇಳಿದ್ದು ನಾನು. ಅಲ್ಲಿದ್ದ ಹುಡುಗ ಉತ್ತರ ಕೊಟ್ಟಿದ್ದು ಗಂಡನಿಗೆ. ಮ್ಯಾನ್ಯುಯಲ್ ಅಂದೆ. "ಸರ್, ಮೇಡಮ್ಮಾರಿಗೆ ಆಟೋಮ್ಯಾಟಿಕ್ ಈಜಿ ಆಗ್ತದ ನೋಡ್ರಿ" ಅಂದ, ಮತ್ತೆ ಗಂಡನ ಕಡೆ ತಿರುಗಿ. ಇವರು ಮೀಸೆ ಅಡಿಯಲ್ಲಿ ನಗುತ್ತಾ ನಿಂತರು. ನಾನು ಕೀಲಿಗೆ ಕೈ ಚಾಚಿದೆ. ಹುಡುಗ ಕೀಲಿ ಇವರ ಕೈಗೆ ಇಟ್ಟ. ಇವರು ನನಗೆ ಕೊಟ್ಟರು. ಸುತ್ತು ಬಳಸಿ ಬಂದರೂ ಬಂತಲ್ಲ.

ಶೋರೂಮಿನವರು ತೋರಿಸುವ ದಾರಿ ನುಣುಪಾಗಿರುತ್ತದೆ. ಅದರಲ್ಲಿ ಎತ್ತಿನ ಗಾಡಿಯೂ ಚೆನ್ನಾಗೇ ಓಡುತ್ತದೆ. ನಾವು ಹಠ ಹಿಡಿದು ನಮ್ಮ ದಾರಿಗೇ ತಗೊಂಡು ಹೋದೆವು. ಕಾಂಗ್ರೆಸ್ ರಸ್ತೆ, ಎರಡನೇ ರೈಲ್ವೆ ಗೇಟು, ಮನೆ, ಮತ್ತೆ ವಾಪಸ್. ಎರಡನೇ ಗೇಟು ಅಂದರೆ ಟಿಳಕವಾಡಿಯವರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಎಷ್ಟೋ ಜಗಳ ಅಲ್ಲೇ ಶುರುವಾಗಿ ರೈಲು ಹೋಗುವಷ್ಟರಲ್ಲಿ ಮುಗಿದಿವೆ. ಅವತ್ತೂ ಗೇಟು ಬಿದ್ದಿತ್ತು. ಮುಂದೆ ಹಾಲಿನ ಟೆಂಪೊ, ಎರಡೂ ಕಡೆ ಸ್ಕೂಟರುಗಳು. ಕ್ಲಚ್ಚು ಒತ್ತಿ, ಬಿಟ್ಟು, ಒಂದೊಂದು ಅಡಿ ಮುಂದೆ ಹೋಗಿ ನೋಡಿದೆ. ಕಾಲಿಗೆ ಹಗುರ. ಗೇಟು ಎದ್ದ ಮೇಲೆ ಹಳಿ ದಾಟಿ ಎರಡನೇ ಗೇರಿಗೆ ಹಾಕಿ ಸ್ವಲ್ಪ ಒತ್ತಿದೆ. ಹಿಂದಿನ ಜೋಡಿ ಸೈಲೆನ್ಸರಿನಿಂದ ಗೊಗ್ಗರು ದನಿಯ ಒಂದು ಗುಟುರು. ಮೀಟರಲ್ಲಿ ನೋಡಿದರೆ ನಲವತ್ತೈದೇ!

ಆಗಲೇ ಎಡಗಡೆ ಏನೋ ಸರಿದಾಡಿದ ಹಾಗೆ ಆಯಿತು. ಓರೆಗಣ್ಣಲ್ಲಿ ನೋಡಿದೆ. ಗಂಡನ ಬಲಗಾಲು ನೆಲದ ಮ್ಯಾಟನ್ನು ಒತ್ತಿ ಹಿಡಿದಿತ್ತು. ಹೆಬ್ಬೆರಳು ಚಪ್ಪಲಿಯ ಉಂಗುಷ್ಠದಲ್ಲಿ ಬಿಳಚಿಕೊಂಡಿತ್ತು. ಇಲ್ಲದ ಬ್ರೇಕು ಒತ್ತುತ್ತಿದ್ದರು.

ನಗು ತಡೆಯಲಾಗಲಿಲ್ಲ. "ಏನ್ರೀ ಅದು?" ಅಂದೆ. "ಏನಿಲ್ಲ, ಕಾಲ ಜೋಮ ಹಿಡಿದಿತ್ತ" ಅಂದರು. ವಾಪಸ್ ಬರುವಾಗ ಅವರು ಓಡಿಸಿದರು. ಆಂಬುಲೆನ್ಸಿಗೆ ದಾರಿ ಬಿಡಲು ಒಮ್ಮೆಲೇ ಬದಿಗೆ ಸರಿದಾಗ ನನ್ನ ಕಾಲೂ ಅದೇ ಕೆಲಸ ಮಾಡಿತು. ಅಲ್ಲಿಗೆ ಒಂದು ಒಪ್ಪಂದ ಆಯಿತು. ಎನ್‌ಎಂ, ಪಿಎಸ್ ಎಲ್ಲ ಪಕ್ಕಕ್ಕಿಡೋಣ. ಎಡ ಸೀಟಿನಲ್ಲಿ ಕೂತವರು ಎಷ್ಟು ಸಲ ಬ್ರೇಕು ಒತ್ತುತ್ತಾರೆ ಅಂತ ಲೆಕ್ಕ ಇಡೋಣ. ಓಡಿಸುವವರಿಗೆ ಎಲ್ಲ ಗಾಡಿಯೂ ಮಜವೇ. ಪಕ್ಕದಲ್ಲಿ ಕೂತವರು ಪ್ರಾಣ ಹಿಡಿದುಕೊಂಡು ಕೂತರೆ ಅದು ಅರ್ಧ ಮಜಾ. ಐ20ಗೆ ಅವತ್ತಿನ ಲೆಕ್ಕ: ಅವರದು ಮೂರು, ನನ್ನದು ಎರಡು.

ಮಧ್ಯೆ ಮನೆ ಮುಂದೆ ನಿಲ್ಲಿಸಿ ಅತ್ತೆಯನ್ನೂ ಹಿಂದೆ ಕೂರಿಸಿದ್ದೆವು. ಓಣಿಯ ಹಂಪಿನಲ್ಲಿ ಒಮ್ಮೆ ಕುಲುಕಿತು. ಸ್ಪೋರ್ಟಿ ಗಾಡಿ ಅಂದಮೇಲೆ ಸಸ್ಪೆನ್ಷನ್ ಬಿಗಿ ಇರುವುದೇ. "ಸಂತಿಗೆ ಹೋಗೂ ಟಾಂಗಾ ನೆನಪಾತು" ಅಂದರು. ಬೈದರೋ ಹೊಗಳಿದರೋ ಇವತ್ತಿಗೂ ಗೊತ್ತಾಗಿಲ್ಲ.

ಮಧ್ಯಾಹ್ನ ವರ್ಟಸ್ಸಿನ ಸರದಿ. ಗಂಡನ ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ಜಿಟಿ ಮ್ಯಾನ್ಯುಯಲ್ ಇದೆ. ಟ್ಯಾಂಕ್ ತುಂಬಿಸಿಕೊಡುವ ಕರಾರಿನ ಮೇಲೆ ಸಂಜೆ ತನಕ ಕೊಟ್ಟರು. ಅತ್ತೆಯನ್ನು ಕರೆದುಕೊಂಡು ಪೀರನವಾಡಿಯಲ್ಲಿ ಬಲಕ್ಕೆ ತಿರುಗಿ ಜಾಂಬೋಟಿ ರಸ್ತೆ ಹಿಡಿದೆವು. ಕಿಣಯೆ ದಾಟಿದ ಮೇಲೆ ಎರಡೂ ಕಡೆ ಗದ್ದೆ, ಆಮೇಲೆ ಕಾಡು. ಮುಂದೆ ಕಣಕುಂಬಿ, ಮಲಪ್ರಭೆ ಹುಟ್ಟುವ ಊರು. ಅದರಾಚೆ ಚೋರ್ಲಾ ಘಾಟ್ ಇಳಿದರೆ ಗೋವಾ. ಮಳೆಗಾಲ ಮುಗಿದ ಹೊಸದು, ರಸ್ತೆಯ ಅಂಚೆಲ್ಲ ಕೆಂಪು ಕೆಸರು ಒಣಗಿ ಬಿರುಕು ಬಿಟ್ಟಿತ್ತು.

ಗಾಡಿ ಮಾತ್ರ ನಿಜವಾಗಲೂ ರಾಜ. ಲಾರಿ ಹಿಂದಿಕ್ಕಬೇಕು ಅಂತ ಅಂದುಕೊಳ್ಳುವಷ್ಟರಲ್ಲಿ ಲಾರಿ ಕನ್ನಡಿಯಲ್ಲಿ ಇರುತ್ತಿತ್ತು. ಗಂಡನ ಮುಖ ನೋಡಬೇಕಿತ್ತು, ಹತ್ತನೇ ಕ್ಲಾಸಿನ ಹುಡುಗನ ಹಾಗೆ. ನಿಧಾನಕ್ಕೆ ಒಂದೇ ವೇಗದಲ್ಲಿ ಹೋಗುವಾಗ ಮೀಟರಲ್ಲಿ ಎರಡೇ ಸಿಲಿಂಡರ್ ಅಂತ ತೋರಿಸಿತು. ಅವರು ನಾಲ್ಕು ಬೆರಳು ಎತ್ತಿ, ಎರಡು ಮಡಚಿ ಅತ್ತೆಗೆ ವಿವರಿಸಿದರು. "ಭಾರ ಇಲ್ಲದಾಗ ನಾಕರಾಗ ಎರಡು ಮಲಗತಾವ ಬೇ, ಪೆಟ್ರೋಲ್ ಉಳೀತದ."

ಅತ್ತೆ ಹಿಂದಿನ ಸೀಟಿಂದ, "ಮಲಗೂ ಎರಡಕ್ಕ ಯಾಕ ರೊಕ್ಕಾ ಕೊಡ್ತಿ?" ಅಂದರು.

ಇದಕ್ಕೆ ಜರ್ಮನ್ ಎಂಜಿನಿಯರುಗಳ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ಬ್ರೇಕಿನ ಲೆಕ್ಕಕ್ಕೆ ಬರುತ್ತೇನೆ. ಒಂದು ತಿರುವಿನಲ್ಲಿ ಎದುರು ಎಮ್ಮೆಗಳು ಬಂದವು. ಗಂಡ ಆರಾಮಾಗಿ ನಿಲ್ಲಿಸಿದರು. ನಾನು ಮಾತ್ರ ಮ್ಯಾಟ್ ತೂತು ಬೀಳುವ ಹಾಗೆ ಒತ್ತಿದ್ದೆ. ಆಮೇಲೆ ಮೀಟರ್ ಕಡೆ ನೋಡುತ್ತಾ ಕೂತೆ. ಅರವತ್ತು ಅಂದುಕೊಂಡಾಗ ತೊಂಬತ್ತು ಇರುತ್ತಿತ್ತು. ಅಷ್ಟು ನಯ, ಅಷ್ಟು ಗಟ್ಟಿಮುಟ್ಟು. ಜಾಂಬೋಟಿ ಮುಟ್ಟುವಷ್ಟರಲ್ಲಿ ನನ್ನದು ಒಂಬತ್ತಾಗಿತ್ತು. ವಾಪಸ್ ಬರುವಾಗ ನಾನು ಓಡಿಸಿದೆ. ಅವರದು ಏಳು. ಮ್ಯಾನ್ಯುಯಲ್ಲಾದ್ದರಿಂದ ನನ್ನ ಗೇರಿನ ತಕರಾರೂ ಇರಲಿಲ್ಲ. ಆದರೆ ಮೂರನೇ ಗೇರು ಪೂರ್ತಿ ಎಳೆಯುವ ಮೊದಲೇ ಯಾವುದೋ ಹಳ್ಳಿ ಬರುತ್ತಿತ್ತು, ಶಾಲೆ ಬರುತ್ತಿತ್ತು, ಹಂಪು ಬರುತ್ತಿತ್ತು. ಈ ಗಾಡಿಗೆ ಮಜಾ ಶುರುವಾಗುವ ಜಾಗದಲ್ಲಿ ನಮ್ಮ ರಸ್ತೆ ಮುಗಿದಿರುತ್ತದೆ. ಬೆಳಿಗ್ಗೆ ಆ ಸಣ್ಣದು ನಲವತ್ತೈದಕ್ಕೇ ಕುಣಿದಿತ್ತಲ್ಲ, ಅದು ನನ್ನ ತಲೆಯಿಂದ ಹೋಗಲಿಲ್ಲ. ಗಂಡ ಒಪ್ಪಲಿಲ್ಲ. ಹೆದ್ದಾರಿಯಲ್ಲಿ ದಿನಾ ನೂರು ಕಿಲೋಮೀಟರ್ ಹೋಗುವವಳು ನೀನು, ದೊಡ್ಡ ಗಾಡಿಯ ಸುಖ ಬೆನ್ನಿಗೆ ಗೊತ್ತಾಗುತ್ತದೆ ಅಂದರು. ಅವರ ಮಾತಲ್ಲೂ ಸುಳ್ಳಿರಲಿಲ್ಲ. ಅವತ್ತು ರಾತ್ರಿ ಊಟದ ತನಕ ಇಬ್ಬರೂ ಗೆದ್ದಿರಲಿಲ್ಲ.

ಊಟ ಆದ ಮೇಲೆ ಅವರು ಟೇಪು ಹಿಡಿದು ಪೋರ್ಚಿಗೆ ಹೋದರು. ನಾನು ಟಾರ್ಚ್ ಹಿಡಿದೆ. ಹಿಂದಿನ ಗೋಡೆಯಿಂದ ಗೇಟಿನ ತನಕ ಹದಿನೈದು ಅಡಿ ನಾಲ್ಕು ಇಂಚು. ವರ್ಟಸ್ 4,561 ಮಿಲಿಮೀಟರ್, ಅಂದರೆ ಹದಿನೈದು ಅಡಿಗೆ ಕೂದಲೆಳೆ ಕಮ್ಮಿ. "ಕುಂದರತದ!" ಅಂತ ಕೂಗಿದರು. ಪಕ್ಕದ ಮನೆಯ ನಾಯಿ ಬೊಗಳಿತು. ಅಗಲಕ್ಕೂ ತೊಂದರೆ ಇರಲಿಲ್ಲ. ವಿಚಿತ್ರ ಅಂದರೆ ಗಿಡ್ಡ ಐ20ಯೇ ಉದ್ದದ ವರ್ಟಸ್ಸಿಗಿಂತ 23 ಮಿಲಿಮೀಟರ್ ಅಗಲ.

ನಾನು ಟಾರ್ಚನ್ನು ಗೇಟಿನ ಮೇಲೆ ಬಿಟ್ಟೆ. ನಮ್ಮದು ನಾಲ್ಕು ಮಡಿಕೆಯ ಕಬ್ಬಿಣದ ಗೇಟು. ಒಳಗಡೆ ಮಡಚಿಕೊಳ್ಳುತ್ತದೆ. ಅದಕ್ಕೆ ಎರಡು ಅಡಿ ಜಾಗ ಬೇಕು. ವರ್ಟಸ್ ನಿಂತರೆ ಉಳಿಯುವುದು ನಾಲ್ಕೇ ಇಂಚು. ಐ20 ನಿಂತರೆ ಎರಡು ಅಡಿ ಮೂರು ಇಂಚು.

"ಸ್ಲೈಡಿಂಗ್ ಗೇಟ್ ಮಾಡಿಸಿದ್ರ ಆತು" ಅಂದರು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಆ ಗೇಟನ್ನು ವೆಲ್ಡಿಂಗ್ ಮಾಡಿದ್ದು ಮಾವ, ತಮ್ಮ ಕೈಯಾರೆ, ಇದೇ ಪೋರ್ಚಿನಲ್ಲಿ ಕೂತು. ಒಂದು ಮಡಿಕೆ ಸ್ವಲ್ಪ ಸೊಟ್ಟ ಇದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏನೂ ಅನ್ನಲಿಲ್ಲ. ಗಂಡ ಟೇಪನ್ನು ಬಿಟ್ಟರು. ಅದು ಸರ್ರನೆ ಡಬ್ಬಿಯೊಳಗೆ ಹೋಯಿತು.

ಸೋಮವಾರ ಐ20 ಬುಕ್ ಮಾಡಿದೆವು. ಮ್ಯಾನ್ಯುಯಲ್. "ಹಿಂದಿನ ಗಾಲಿಗೂ ಡಿಸ್ಕ್ ಬ್ರೇಕ್ ಐತಿ, ವರ್ಟಸ್ಸಿಗೆ ಡ್ರಮ್ಮು" ಅಂತ ಗಂಡ ಈಗ ಕಂಡವರಿಗೆಲ್ಲ ಹೇಳುತ್ತಾರೆ, ಮೊದಲಿಂದ ಅದೇ ಬೇಕಿತ್ತು ಅನ್ನುವ ಹಾಗೆ. ಕೆಲಸದಲ್ಲಿ ಮಾತ್ರ ಗೆಳೆಯರ ಜಿಟಿಯ ಪಕ್ಕ ನಿಂತು ಚಹಾ ಕುಡಿಯುತ್ತಾರಂತೆ.

ದೀಪಾವಳಿ ಪಾಡ್ಯದ ದಿನ ಗಾಡಿ ಕೈಗೆ ಬಂತು. ನಿಂಬೆಹಣ್ಣು ಚಕ್ರದ ಕೆಳಗಿಟ್ಟು, ತೆಂಗಿನಕಾಯಿ ಒಡೆದು, ಶೋರೂಮಿನ ಎಲ್ಲರಿಗೂ ಕುಂದಾ ಹಂಚಿದೆವು. ಅದೇ ಹುಡುಗ ಕೀಲಿ ತಂದ. ಒಂದು ಗಳಿಗೆ ಯೋಚನೆ ಮಾಡಿ ಈ ಸಲ ನನ್ನ ಕೈಗೇ ಕೊಟ್ಟ. ನಾನು ಗಂಡನಿಗೆ ಕೊಟ್ಟೆ. ಮೊದಲೇ ಮಾತಾಗಿತ್ತು: ಎರಡನೇ ಗೇಟಿನ ತನಕ ಅವರು, ಅಲ್ಲಿಂದ ಮನೆಗೆ ನಾನು.

ಗೇಟು ಎದ್ದಿರಬಹುದು, ಹಿಂದಿನವರು ಹಾರ್ನ್ ಹೊಡೆದರೆ ಸೀಟು ಬದಲಿಸುವುದು ಹೇಗೆ ಅಂತ ಇವರಿಗೆ ದಾರಿಯುದ್ದಕ್ಕೂ ಚಿಂತೆ. ಅಥವಾ ಆಸೆಯೋ. ಕಾಂಗ್ರೆಸ್ ರಸ್ತೆಯಿಂದ ತಿರುಗಿದಾಗ ಘಂಟೆ ಹೊಡೆಯುತ್ತಿತ್ತು, ಗೇಟು ಇಳಿಯುತ್ತಿತ್ತು. ಬಂದ್ ಮಾಡಿ ಇಳಿದರು. ನಾನು ಸುತ್ತಿ ಬಂದು ಸೀಟು ಮುಂದೆ ಎಳೆದುಕೊಂಡೆ. ಅವರು ಎಡಗಡೆ ಕೂತು, ಬೆಲ್ಟ್ ಹಾಕಿ, ಬಲಗಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು.