ಹಾಲು ಬಾರದ ಕೆತ್ತೆ

2024ರ ಆಟಿ ಅಮಾವಾಸ್ಯೆ, ಅಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆ, ಆಗಸ್ಟ್ 4ಕ್ಕೆ, ಭಾನುವಾರ ಬಿತ್ತು. ರಜೆ ಕೇಳುವ ತಾಪತ್ರಯವಿಲ್ಲ ಅಂತ ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಬಸ್ಸು ಹತ್ತಿದೆ. ಆ ವಾರ ಘಾಟಿಯಲ್ಲಿ ಮಣ್ಣು ಕುಸಿಯುತ್ತಲೇ ಇತ್ತು. ಬಸ್ಸು ನಿಂತು, ಹೊರಟು, ಮತ್ತೆ ನಿಂತು, ಪುತ್ತೂರು ದಾಟಿ ಮನೆ ಮುಟ್ಟುವಾಗ ರಾತ್ರಿ ಎಂಟೂವರೆ. ಟಿವಿಯಲ್ಲಿ ವಯನಾಡಿನ ಗುಡ್ಡ ಕುಸಿದ ಸುದ್ದಿಯೇ ಬರುತ್ತಿತ್ತು. ಚಿಕ್ಕಪ್ಪ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಈ ಸರ್ತಿ ಕೆತ್ತೆಗೆ ನೀನೇ ಹೋಗಬೇಕು ಮಾರಾಯ" ಅಂದರು.

ಕೆತ್ತೆ ಅಂದರೆ ತೊಗಟೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ತಂದು, ಕಷಾಯ ಮಾಡಿ, ಮನೆಮಂದಿ ಎಲ್ಲ ಬರೀ ಹೊಟ್ಟೆಯಲ್ಲಿ ಕುಡಿಯುವುದು ತುಳುನಾಡಿನ ಕ್ರಮ. ಹಾಲೆಗೆ ತುಳುವಿನಲ್ಲಿ ಪಾಲೆ ಅನ್ನುತ್ತಾರೆ, ಸಂಸ್ಕೃತದಲ್ಲಿ ಸಪ್ತಪರ್ಣ. ಆವತ್ತು ಆ ಮರದಲ್ಲಿ ಸಾವಿರದ ಒಂದು ಮದ್ದು ಬಂದು ಸೇರುತ್ತದೆ ಅಂತ ನಂಬಿಕೆ. ತೊಗಟೆಗೆ ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಹಿಂದೆ ಬೆತ್ತಲೆ ಹೋಗುತ್ತಿದ್ದರಂತೆ. ಅಜ್ಜನ ಕಾಲಕ್ಕೇ ಅದು ನಿಂತಿತ್ತು, ನನ್ನ ಪುಣ್ಯ.

ಇನ್ನೊಂದು ಕ್ರಮವೂ ಉಂಟು. ಹಿಂದಿನ ದಿನ ಹಗಲಲ್ಲೇ ಮರದ ಹತ್ತಿರ ಹೋಗಿ ಕಾಂಡಕ್ಕೆ ನೂಲು ಕಟ್ಟಿ, ಬುಡದಲ್ಲೊಂದು ಕಲ್ಲು ಇಟ್ಟು ಬರಬೇಕು. ಮರಕ್ಕೆ ಹೇಳಿಕೆ, ಅಂದರೆ ಆಮಂತ್ರಣ, ಕೊಡುವುದು ಅಂತ ಅಜ್ಜ ಹೇಳುತ್ತಿದ್ದರು. ನಾನು ಬಂದದ್ದೇ ರಾತ್ರಿ, ಹೊರಗೆ ಮಳೆ ಬೇರೆ. "ನೂಲು ಕಟ್ಟಿಲ್ಲವಲ್ಲ" ಅಂದಾಗ ಚಿಕ್ಕಪ್ಪ, "ಅದೊಂದು ಶಾಸ್ತ್ರ ಅಷ್ಟೆ. ತೋಡಿನ ಆಚೆ, ನಾಗಬನದ ಪಕ್ಕ ದೊಡ್ಡ ಮರ. ನೀನು ಕಾಣದ್ದಾ?" ಅಂದರು.

ಕಂಡದ್ದು ಹೌದು. ಸಣ್ಣವನಿದ್ದಾಗ ಏಳೆಂಟು ವರ್ಷ ಅಜ್ಜನ ಜೊತೆ ಹೋಗಿದ್ದೇನೆ. ಆದರೆ ನನ್ನ ಕೆಲಸ ಸೂಟೆ ಹಿಡಿಯುವುದು. ತೆಂಗಿನ ಒಣಗರಿಯ ಸೂಟೆ ಮಳೆಗೆ ಆರದ ಹಾಗೆ ನೋಡಿಕೊಳ್ಳುವುದರಲ್ಲೇ ನನ್ನ ಕಣ್ಣೆಲ್ಲ ಇರುತ್ತಿತ್ತು. ಮರವನ್ನು ನೋಡಿದವರು ಅಜ್ಜ.

ಬೆಳಗಿನ ಜಾವ ನಾಲ್ಕೂಕಾಲಿಗೆ ಹೊರಟೆ. ಮೊಬೈಲ್ ಬೆಳಕು, ತಲೆಗೆ ಪ್ಲಾಸ್ಟಿಕ್, ಕೈಯಲ್ಲಿ ಅಡಿಕೆ ಹಾಳೆ. ತೋಡು ಮೊಣಕಾಲಿನವರೆಗೆ ಹರಿಯುತ್ತಿತ್ತು. ಬನದ ಪಕ್ಕ ಒಂದಲ್ಲ, ಮೂರು ದೊಡ್ಡ ಮರ. ಬೆಳಕು ಮೇಲೆ ಬಿಟ್ಟರೆ ಎಲೆ ಕಾಣುವುದಿಲ್ಲ, ಮಳೆಯ ಗೆರೆ ಮಾತ್ರ ಕಾಣುತ್ತದೆ. ಬೂದು ತೊಗಟೆಯ ದಪ್ಪ ಮರ ಇದೇ ಇರಬೇಕು ಅಂತ ಕಲ್ಲು ತೆಗೆದುಕೊಂಡು ಜಜ್ಜಿದೆ. ಕಾಲು ಗಂಟೆಯಲ್ಲಿ ಹಾಳೆ ತುಂಬಿತು. ಇಷ್ಟು ಸುಲಭದ ಕೆಲಸಕ್ಕೆ ಚಿಕ್ಕಪ್ಪ ವರ್ಷವೂ ಅಷ್ಟೊಂದು ಬಡಾಯಿ ಕೊಚ್ಚುತ್ತಿದ್ದರಲ್ಲ ಅನಿಸಿತು. ಬರುವ ದಾರಿಯಲ್ಲಿ ಕೆಳಮನೆಯ ಹುಡುಗ ಬೇಲಿಯ ಹತ್ತಿರ ನಿಂತಿದ್ದ. ಅವರ ಮನೆಗೂ ಕೆತ್ತೆ ನಮ್ಮಿಂದಲೇ ಹೋಗುವುದು ವಾಡಿಕೆ. ಎರಡು ಮುಷ್ಟಿ ಕೊಟ್ಟೆ.

ದೊಡ್ಡಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಓಮ, ಕಾಳುಮೆಣಸು, ಅರಸಿನ ಎಲ್ಲ ಎಲೆಯ ಮೇಲೆ ತಯಾರು. ಒಲೆಯ ಕೆಂಡದಲ್ಲಿ ಬಿಳಿ ಕಲ್ಲು ಕಾಯುತ್ತಿತ್ತು. ಸೋಸಿದ ಕಷಾಯಕ್ಕೆ ಆ ಕಲ್ಲನ್ನು ಚೊಂಯ್ ಅಂತ ಬಿಡುವುದೇ ಅದರ ಒಗ್ಗರಣೆ. ಹಾಳೆಯನ್ನು ಅವರ ಮುಂದಿಟ್ಟೆ. ಅವರು ಕೆತ್ತೆಯ ಕಡೆ ನೋಡಲೇ ಇಲ್ಲ.

"ಕೈ ತೋರಿಸು" ಅಂದರು.

ಗಾಯ ಆಗಿದೆಯಾ ಅಂತ ನೋಡುತ್ತಾರೆ ಅಂದುಕೊಂಡು ಎರಡೂ ಕೈ ಚಾಚಿದೆ. ಹೆಬ್ಬೆರಳಿನಿಂದ ನನ್ನ ಅಂಗೈ ತಿಕ್ಕಿ ನೋಡಿದರು. ಬೆರಳ ಸಂದಿ ನೋಡಿದರು.

"ಅಂಟೇ ಇಲ್ಲವಲ್ಲ ಮಗಾ. ಹಾಲು ಬರಲಿಲ್ಲವಾ?"

"ಯಾವ ಹಾಲು ದೊಡ್ಡಮ್ಮ?"

ಅವರ ಮುಖ ಬದಲಾದದ್ದು ಆಗ. ಒಂದು ಚೂರು ಕೆತ್ತೆ ಎತ್ತಿ ದೀಪಕ್ಕೆ ಹಿಡಿದು, ಉಗುರಿನಿಂದ ಗೀರಿ, ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಇದು ಹಾಲೆ ಅಲ್ಲ. ಕಾಯೆರ್."

ಕಾಯೆರ್ ಅಂದರೆ ಕಾಸರ್ಕ. ನಮ್ಮ ಕಡೆ ನಾಗಬನಗಳಲ್ಲಿ ಧಾರಾಳ. ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್ ಅನ್ನುವ ವಿಷ ಇರುವ ಮರ. ಅದೂ ಕಹಿ, ಹಾಲೆಯೂ ಕಹಿ. ಹಾಗಾಗಿ ಬಾಯಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಲೆಯೆಂದು ಕಾಸರ್ಕದ ಕಷಾಯ ಕುಡಿದು ಆಸ್ಪತ್ರೆ ಸೇರಿದವರ, ಸತ್ತವರ ಸುದ್ದಿ ನಮಗೆ ಹೊಸತಲ್ಲ. ಪೇಪರಿನಲ್ಲಿ ಓದಿ "ಎಂತಹ ಪೆದ್ದರು" ಅಂದವನೇ ನಾನು.

ನನಗೆ ನೆನಪಾದದ್ದು ಬೇಲಿ. ಎರಡು ಮುಷ್ಟಿ.

ಮನೆಯಿಂದ ಕೆಳಮನೆಗೆ ಮೆಟ್ಟಿಲಿಳಿದು ಹೋದರೆ ನಾಲ್ಕು ನಿಮಿಷದ ದಾರಿ. ಪಾಚಿಯಲ್ಲಿ ಎರಡು ಸಲ ಜಾರಿ ಬಿದ್ದು ಅವರ ಅಂಗಳ ಮುಟ್ಟಿದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೆಳಮನೆಯ ಅಕ್ಕ ಕಡೆಯುವ ಕಲ್ಲಿನ ಮುಂದೆ ಕೂತಿದ್ದರು. ಕೆತ್ತೆ, ಬೆಳ್ಳುಳ್ಳಿ, ಮೆಣಸು ಎಲ್ಲ ಸೇರಿ ಅರ್ಧ ನುಣ್ಣಗಾಗಿತ್ತು. ಪಕ್ಕದಲ್ಲಿ ಐದು ಸ್ಟೀಲ್ ಲೋಟ ಸಾಲಾಗಿ ಇಟ್ಟಿದ್ದರು. ಕೊನೆಯದು ಚಿಕ್ಕದು, ಅವರ ಮಗಳದ್ದು.

"ಅಕ್ಕ, ಬೇಡ. ಅದು ಕಾಯೆರ್."

ಅವರು ಒಂದು ಮಾತೂ ಆಡಲಿಲ್ಲ. ಕಲ್ಲಿನಲ್ಲಿದ್ದದ್ದನ್ನೆಲ್ಲ ಬಾಳೆ ಎಲೆಗೆ ಬಾಚಿ ಹಿತ್ತಲಿಗೆ ಒಯ್ದು, ಗುಂಡಿ ತೆಗೆದು ಮುಚ್ಚಿದರು. ಆಮೇಲೆ ಕಲ್ಲು ತೊಳೆಯಲು ಕೂತರು. ತೆಂಗಿನ ನಾರು ಹಾಕಿ ತಿಕ್ಕಿ, ನೀರು ಸುರಿದು, ಮತ್ತೆ ತಿಕ್ಕಿ. ನಾನು ಕೊಡ ಕೊಡ ನೀರು ಸೇದಿ ಕೊಟ್ಟೆ. ಹತ್ತು ಹದಿನೈದು ಕೊಡ ಆಗಿರಬೇಕು. ಕೊನೆಗೆ "ಸಾಕು, ನೀವು ಹೋಗಿ" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದಾಗ ನನ್ನ ಅಕ್ಕನ ಮಗಳು ಎದ್ದು ಕೂತಿದ್ದಳು. ಆಯುರ್ವೇದ ಓದುತ್ತಿದ್ದಾಳೆ, ಬಿಎಎಂಎಸ್ ಮೂರನೇ ವರ್ಷ. ಕಾಸರ್ಕದ ವಿಷ ಏರಿದರೆ ಏನಾಗುತ್ತದೆ ಅಂತ ಪರೀಕ್ಷೆಗೆ ಓದಿದ ಹಾಗೆ ಹೇಳಿದಳು: ಅರ್ಧ ಗಂಟೆಯೊಳಗೆ ಸೆಳೆತ ಶುರು, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಪ್ರಜ್ಞೆ ಮಾತ್ರ ಇರುತ್ತದೆ, ಪ್ರತಿವಿಷ ಅಂತ ಒಂದಿಲ್ಲ. "ಸಾಕು ಮಾರಾಯ್ತಿ" ಅಂದೆ. ಅವಳು ಬಿಡಲಿಲ್ಲ. ಅದರ ಬೀಜವನ್ನೇ ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿ ಮದ್ದಿಗೆ ಬಳಸುತ್ತಾರೆ, ಕುಪೀಲು ಅಂತ ಹೆಸರು ಅಂದಳು. ಹಾಲೆಯ ಕಥೆಯೂ ಬಂತು. ಫಿಲಿಪ್ಪೀನ್ಸಿನಲ್ಲಿ ಅದಕ್ಕೆ ದಿತಾ ಅನ್ನುತ್ತಾರಂತೆ. 19ನೇ ಶತಮಾನದಲ್ಲಿ ಚಳಿಜ್ವರಕ್ಕೆ ಕ್ವಿನೈನಿನ ಬದಲು ಅದನ್ನು ಕೊಟ್ಟು ನೋಡಿದ್ದರಂತೆ, ಕ್ವಿನೈನಿನಷ್ಟು ಕೆಲಸ ಮಾಡಲಿಲ್ಲವಂತೆ.

ಅದು ನನಗೂ ಗೊತ್ತು, ಬೇರೆ ದಾರಿಯಿಂದ. ಮಂಗಳೂರಿನಲ್ಲಿ ಓದುವಾಗ, ಆಟಿಯಲ್ಲಿ ಕಷಾಯ ಕುಡಿದ ವರ್ಷವೇ ನನಗೆ ಮಲೇರಿಯಾ ಬಂತು. ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರಿಮಾಕ್ವಿನ್. ಊರಿಗೆ ಬಂದು "ಕಷಾಯ ಕುಡಿದೂ ಬಂತಲ್ಲ ಅಜ್ಜ" ಅಂತ ಕೆಣಕಿದರೆ, "ಕುಡಿದದ್ದಕ್ಕೆ ಇಷ್ಟರಲ್ಲೇ ಹೋಯಿತು" ಅಂದರು. ಆ ಮಾತಿಗೆ ಎದುರು ಹೇಳುವುದು ಯಾರಿಂದ ಸಾಧ್ಯ? ಆದರೆ ಹಿಂದೆಯೇ ಗಂಭೀರವಾಗಿ, "ಜ್ವರ ಬಿಟ್ಟಿತು ಅಂತ ಮಾತ್ರೆ ಬಿಡಬೇಡ. ಹದಿನಾಲ್ಕೂ ತಿನ್ನು" ಅಂದಿದ್ದರು. ಕಾಮಾಲೆ ಅಂತ ಬಂದವರಿಗೆ ಅಜ್ಜ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು, ದುಡ್ಡು ಮುಟ್ಟುತ್ತಿರಲಿಲ್ಲ. ಅದೇ ಅಜ್ಜ, ಬಂದವನು ಮಾತಾಡುತ್ತಲೇ ತೂಕಡಿಸಿದರೆ ಮದ್ದು ಕೊಡದೆ, ತಾವೇ ಜೀಪು ಹೇಳಿಸಿ ಪುತ್ತೂರಿಗೆ ಕಳಿಸುತ್ತಿದ್ದರು. ವೈದ್ಯರು ಬೇಡ ಅನ್ನುವ ನಾಟಿ ಮದ್ದಿನವರನ್ನು ನಾನು ಈಚೆಗೆ ವಾಟ್ಸಾಪಿನಲ್ಲಿ ಮಾತ್ರ ಕಂಡದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದಲ್ಲಿ ಹೊರಬಂದ 1978ರ ಅಲ್ಮಾ ಅಟಾ ಘೋಷಣೆಯಲ್ಲಿ ಪ್ರಾಥಮಿಕ ಆರೋಗ್ಯದ ಕೆಲಸಕ್ಕೆ ಡಾಕ್ಟರು, ನರ್ಸು, ಸೂಲಗಿತ್ತಿಯರ ಜೊತೆಗೆ, ಅಗತ್ಯವಿದ್ದಲ್ಲಿ ಪಾರಂಪರಿಕ ವೈದ್ಯರನ್ನೂ ಸೇರಿಸಿದ್ದಾರೆ ಅಂತ ಅಕ್ಕನ ಮಗಳು ಆಮೇಲೆ ಎಂದೋ ಹೇಳಿದಳು. ಅಂಥ ವೈದ್ಯರೊಬ್ಬರು ನಮ್ಮ ಮನೆಯಲ್ಲೇ ಇದ್ದರು. ನಾನು ಅವರಿಗೆ ಸೂಟೆ ಹಿಡಿದೆ ಅಷ್ಟೆ. ಮರಕ್ಕೆ ಹೇಳಿಕೆ ಕೊಡುವ ನೆಪದಲ್ಲಿ ಅವರು ಪ್ರತಿ ವರ್ಷ ಹಗಲು ಬೆಳಕಿನಲ್ಲಿ ಎಲೆ, ತೊಗಟೆ, ಹಾಲು ಎಲ್ಲ ನೋಡಿ ನೂಲು ಕಟ್ಟುತ್ತಿದ್ದರು ಅನ್ನುವುದು ನನ್ನ ತಲೆಗೆ ಹೊಳೆದದ್ದು ಕೆಳಮನೆಯ ಬಾವಿಯಿಂದ ನೀರು ಸೇದುವಾಗ.

ಬೆಳಕು ಸರಿಯಾಗಿ ಹರಿದ ಮೇಲೆ ದೊಡ್ಡಮ್ಮ ನನ್ನನ್ನೂ ಅಕ್ಕನ ಮಗಳನ್ನೂ ಮತ್ತೆ ಕಳಿಸಿದರು. "ಸೂರ್ಯ ಬಂದ ಮೇಲೆ ತಂದರೆ ಆಗುತ್ತದಾ?" ಅಂದೆ. "ಅಮಾವಾಸ್ಯೆ ಸಂಜೆವರೆಗೆ ಉಂಟು. ನೋಡಿ ತನ್ನಿ" ಅಂದರು. ಹಗಲಿನಲ್ಲಿ ನೋಡಿದರೆ ಎರಡು ಮರಕ್ಕೂ ಸಂಬಂಧವೇ ಇಲ್ಲ. ಕಾಸರ್ಕದ ಎಲೆ ಎದುರುಬದುರು ಎರಡೆರಡು, ಮಿರಮಿರ ಹೊಳೆಯುತ್ತದೆ. ಹಾಲೆಯದ್ದು ಕೊಡೆಯ ಕಡ್ಡಿಗಳ ಹಾಗೆ ಒಂದೇ ಗೆಣ್ಣಿನಿಂದ ಸುತ್ತಲೂ ಹರಡಿದೆ. ಕಲ್ಲಿನ ಮೊದಲ ಏಟಿಗೇ ಗಾಯದ ಅಂಚಿನಿಂದ ಬಿಳಿ ಹಾಲು ಒಸರಿ, ಮಳೆನೀರಿನ ಜೊತೆ ತೊಗಟೆಯ ಮೇಲೆ ಗೆರೆಯಾಗಿ ಇಳಿಯಿತು. ಮನೆಗೆ ಬರುವಷ್ಟರಲ್ಲಿ ನನ್ನ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ದೊಡ್ಡಮ್ಮ ಮತ್ತೊಮ್ಮೆ ಅಂಗೈ ತಿಕ್ಕಿ ನೋಡಿ, ಆಮೇಲೆಯೇ ಕಲ್ಲಿಗೆ ಹಾಕಿದರು.

ಕಾಲು ಲೋಟ ಕುಡಿದೆ. ಕಹಿ ಕಿವಿಯವರೆಗೆ ಏರಿತು. ಮೇಲಿಂದ ಒಂದು ಚೂರು ಬೆಲ್ಲ, ನಾಲ್ಕು ಗೇರುಬೀಜ. ಕಷಾಯ ಉಷ್ಣ ಅಂತ ಆಮೇಲೆ ಮೆಂತೆ ಗಂಜಿ, ತೆಂಗಿನ ಹಾಲು ಹಾಕಿದ್ದು. ಇದರಿಂದ ವರ್ಷವಿಡೀ ಕಾಯಿಲೆ ಬರುವುದಿಲ್ಲ ಅಂತ ನಾನು ಯಾರಿಗೂ ಹೇಳಲಾರೆ, ಮಲೇರಿಯಾ ತಿಂದವನು. ಕುಡಿಯುವುದನ್ನು ಬಿಡುವವನೂ ಅಲ್ಲ. ಕೆಳಮನೆಗೆ ಮಾತ್ರ ಆವತ್ತು ಕೆತ್ತೆ ಕೊಂಡುಹೋಗಲಿಲ್ಲ. ದೊಡ್ಡಮ್ಮ ತಯಾರಾದ ಕಷಾಯವನ್ನೇ ತಂಬಿಗೆಯಲ್ಲಿ ಒಯ್ದು, ಅವರ ಜಗಲಿಯಲ್ಲಿ ಕೂತು, ಅವರೆದುರು ತಾವೇ ಮೊದಲು ಒಂದು ಲೋಟ ಕುಡಿದರಂತೆ. ಅಲ್ಲಿಗೆ ಅವರಿಗೆ ಅದು ಎರಡನೇ ಲೋಟ. ರಾತ್ರಿಯವರೆಗೆ ಹೊಟ್ಟೆ ಉರಿ ಅಂತ ಮಜ್ಜಿಗೆ ಕುಡಿಯುತ್ತಿದ್ದರು.

2025ರಲ್ಲಿ ಅಮಾವಾಸ್ಯೆ ಜುಲೈ 24, ಗುರುವಾರ. ನನಗೆ ರಜೆ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗ ಅಕ್ಕನ ಮಗಳಿಂದ ಮೂರು ಫೋಟೋ ಬಂತು. ಕಾಂಡಕ್ಕೆ ಕಟ್ಟಿದ ಬಿಳಿ ನೂಲು, ಬುಡದಲ್ಲಿ ಕಲ್ಲು, ಹತ್ತಿರದಿಂದ ತೆಗೆದ ಎಲೆಗಳ ಗೊಂಚಲು. ದೊಡ್ಡದು ಮಾಡಿ ಎಣಿಸಿದೆ. ಆರೇ ಇತ್ತು. ತಕ್ಷಣ ಫೋನ್ ಮಾಡಿದೆ.

"ಸಪ್ತಪರ್ಣ ಅಂದರೆ ಏಳು ಇರಬೇಕಲ್ಲ?"

"ಏಳೇ ಇರಬೇಕು ಅಂತ ಇಲ್ಲ ಮಾವ. ನಾಲ್ಕೂ ಇರುತ್ತದೆ, ಏಳೂ ಇರುತ್ತದೆ" ಅಂದಳು. ಹಿಂದಿನಿಂದ ದೊಡ್ಡಮ್ಮನ ಸ್ವರ ಕೇಳಿತು. "ಎಲೆ ಎಣಿಸುತ್ತಿದ್ದಾನಾ? ಅವನಿಗೆ ನಿನ್ನ ಕೈ ತೋರಿಸು."

ನಾಲ್ಕನೇ ಫೋಟೋ ಬಂತು. ಅಂಗೈ, ಬೆರಳ ಸಂದಿಯಲ್ಲಿ ಬಿಳಿ ಅಂಟು.