ಇಂಡಿಸ್ಕ್ರಿಮಿನೇಟ್ ಪಾರ್ಕಿಂಗ್

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವಾರ ಲಿಫ್ಟ್ ಪಕ್ಕ ಒಂದು ಇಂಗ್ಲಿಷ್ ನೋಟಿಸ್ ಬಿತ್ತು. ಪಾರ್ಕಿಂಗ್ ಜಾಗವನ್ನು ಚೀಟಿ ಎತ್ತಿ, ‘ಇಂಡಿಸ್ಕ್ರಿಮಿನೇಟ್’ ಆಗಿ ಹಂಚುತ್ತಾರಂತೆ. ಮೂರನೇ ಮಹಡಿಯ ಕಾಲೇಜು ಹುಡುಗಿ ಓದಿ ನಕ್ಕುಬಿಟ್ಟಳು. ಸೆಕ್ರೆಟರಿ ಅಲ್ಲೇ ಇದ್ದರು. ರಿಟೈರ್ ಆದ ಬ್ಯಾಂಕ್ ಅಧಿಕಾರಿ. ಒಳ್ಳೆಯವರೇ, ಆದರೆ ರೂಲ್ಸ್ ಅಂದರೆ ಪ್ರಾಣ.

“ಅಂಕಲ್, ಹಿಂದೆಮುಂದೆ ನೋಡದೆ ಹಂಚ್ತೀವಿ ಅಂತ ಆಯ್ತು ಇದು.”

“ಡಿಸ್ಕ್ರಿಮಿನೇಷನ್ ಇಲ್ಲ ಅಂದ್ರೆ ಇಂಡಿಸ್ಕ್ರಿಮಿನೇಟ್ ಅಲ್ವೇನಮ್ಮಾ?”

ರಾತ್ರಿಯೆಲ್ಲ ಅದೇ ಪ್ರಶ್ನೆ ತಲೆಯಲ್ಲಿ. ಅವರ ಲೆಕ್ಕ ಸರಿಯಾಗೇ ಇದೆಯಲ್ಲ! ‘ಡಿಸ್ಕ್ರಿಮಿನೇಟ್’ ಪದದ ಲ್ಯಾಟಿನ್ ಬೇರಿನಲ್ಲಿ ಇರುವುದು ಬೇರ್ಪಡಿಸು, ವ್ಯತ್ಯಾಸ ಗುರುತಿಸು ಅನ್ನುವ ಅರ್ಥ ಅಷ್ಟೇ. ‘ಡಿಸ್ಕ್ರಿಮಿನೇಟಿಂಗ್’ ಓದುಗ ಅಂದರೆ ಇವತ್ತಿಗೂ ಹೊಗಳಿಕೆ. ಭೇದಭಾವದ ಅರ್ಥ ಆಮೇಲೆ ಸೇರಿಕೊಂಡಿದ್ದು. ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಹೆಸರಲ್ಲಿ ಕೂಡದು ಅನ್ನುವುದು ಇದನ್ನೇ. ಇಂಡಿಸ್ಕ್ರಿಮಿನೇಟ್ ಮಾತ್ರ ಹಳೇ ಅರ್ಥದಲ್ಲೇ ಉಳಿದುಬಿಟ್ಟಿದೆ. ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸುವುದು, ಸುಮ್ನೆ ನೆಗಡಿಗೂ ಆಂಟಿಬಯೋಟಿಕ್ ಕೊಡುವುದು, ಇಂಥ ಕೆಲಸಗಳಿಗೇ ಅದು ಜಾಸ್ತಿ ಬಳಕೆ. ಒಳ್ಳೆಯದು ಕೆಟ್ಟದ್ದು ಗೊತ್ತಾಗದ ಮನುಷ್ಯನಿಗಾದರೆ ‘ಅನ್‌ಡಿಸ್ಕ್ರಿಮಿನೇಟಿಂಗ್’ ಅನ್ನುತ್ತಾರೆ.

ನಾವೇನು ಕಡಿಮೆಯೇ? ತಾರತಮ್ಯ ಮಾಡಬಾರದು ಅನ್ನುತ್ತೇವೆ. ಅದೇ ಬಾಯಲ್ಲಿ, ಅವನಿಗೆ ತಾರತಮ್ಯಜ್ಞಾನವೇ ಇಲ್ಲ ಅಂತಲೂ ಬೈಯುತ್ತೇವೆ.

ಭಾನುವಾರ ಚೀಟಿ ಎತ್ತಿದ್ದಾಯಿತು. ಮಂಡಿ ಆಪರೇಷನ್ ಆದ ಅಜ್ಜಿಯ ಮನೆಗೆ ಬೇಸ್‌ಮೆಂಟಿನ ಕಟ್ಟಕಡೆಯ ಮೂಲೆ. ಸ್ಕೂಟರ್ ಒಂದೇ ಇರುವ ಬ್ಯಾಚುಲರ್ ಹುಡುಗನಿಗೆ ಲಿಫ್ಟ್ ಎದುರಿನ ದೊಡ್ಡ ಜಾಗ. ಸೆಕ್ರೆಟರಿ ಪ್ರತಿ ಚೀಟಿಯನ್ನೂ ಎತ್ತಿ ಎಲ್ಲರಿಗೂ ತೋರಿಸಿದರು. ಎಳ್ಳಷ್ಟೂ ಮೋಸ ಇಲ್ಲ. ಕೊನೆಗೆ ನೋಟಿಸಿನ ಇಂಗ್ಲಿಷೇ ಸರಿ ಅನ್ನುವ ಹಾಗಾಯಿತು.

ಎಲ್ಲರಿಗೂ ಒಂದೇ ಅಳತೆ ಅಂದರೆ ನಾವು ಬೇಗ ತಲೆಯಾಡಿಸುತ್ತೇವೆ. ಯಾಕೆಂದರೆ ಆಗ ಯಾರ ಕಷ್ಟವನ್ನೂ ಕೇಳಬೇಕಿಲ್ಲ, ಯಾರ ಮುನಿಸನ್ನೂ ಕಟ್ಟಿಕೊಳ್ಳಬೇಕಿಲ್ಲ. ಕೊಟ್ಟಿದ್ದು ನಾನಲ್ಲ, ಚೀಟಿ! ಸೆಕ್ರೆಟರಿಗೆ ಅಜ್ಜಿಯ ಮೇಲೆ ಕನಿಕರ ಇಲ್ಲ ಅಂತಲ್ಲ. ಒಬ್ಬರಿಗೆ ಬಿಟ್ಟುಕೊಟ್ಟರೆ ನಾಳೆ ಎಲ್ಲರೂ ಮಂಡಿ ನೋವು ಅನ್ನುತ್ತಾರೆ ಅನ್ನುವ ಭಯ. ಅದೂ ಸುಳ್ಳಲ್ಲ, ನಮ್ಮ ಬಿಲ್ಡಿಂಗಿನ ಜನ ನನಗೂ ಗೊತ್ತು. ಆದರೂ ಯಾರ ಮಂಡಿ ನಿಜ, ಯಾರದ್ದು ನೆಪ ಅಂತ ನೋಡುವುದೇ ಕಮಿಟಿಯ ಕೆಲಸ ಅಲ್ವಾ?

ಜಾಗ ಬದಲಿಸಿಕೊಳ್ಳೋಕೆ ಆ ಹುಡುಗ ಆಗಲೇ ಒಪ್ಪಿದ್ದಾನೆ. ಅದಕ್ಕೂ ಜನರಲ್ ಬಾಡಿ ಮೀಟಿಂಗ್ ಆಗಬೇಕಂತೆ.