ಟಿವಿಗೂ ಪೊರೆ ಬಂದಿತ್ತು

ನಮ್ಮ ಸೋದರಮಾವ ತುಮಕೂರಿನಲ್ಲಿ ಮೂವತ್ತು ವರ್ಷ ಬೋರ್ಡ್ ಬರೆದವರು. ಕಿರಾಣಿ ಅಂಗಡಿ, ಸೈಕಲ್ ಶಾಪು, ಕ್ಲಿನಿಕ್ಕು, ಲಾರಿಯ ಹಿಂದಿನ ಹಲಗೆ, ಎಲ್ಲ ಬರೆದಿದ್ದಾರೆ. ಫ್ಲೆಕ್ಸ್ ಬಂದಮೇಲೆ ಬ್ರಷ್ ತೊಳೆದಿಟ್ಟರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದವರು ನಮ್ಮ ಮನೆಯಲ್ಲೇ ಒಂದು ತಿಂಗಳು ಇದ್ದರು. ಪಟ್ಟಿ ಬಿಚ್ಚಿದ ಮಾರನೇ ದಿನ ಅವರು ಆಡಿದ ಮೊದಲ ಮಾತು, "ನಿಮ್ಮ ಗೋಡೆ ಬಿಳಿ ಅಂತ ಗೊತ್ತೇ ಇರ್ಲಿಲ್ಲ ಕಣೋ, ಹಳದಿ ಅಂದ್ಕೊಂಡಿದ್ದೆ."

ಮೂರನೇ ವಾರಕ್ಕೆ ಟಿವಿ ನೋಡಬಹುದು ಅಂದರು ಡಾಕ್ಟರು. ನಾನು ಕಾಯುತ್ತಿದ್ದದ್ದೇ ಅದಕ್ಕೆ.

ಅಮೆರಿಕದಿಂದ ಬಂದ ಗೆಳೆಯನ ಸೂಟ್‌ಕೇಸಿನಲ್ಲಿ ನನಗೊಂದು 4ಕೆ ಡಿಸ್ಕ್ ಬಂದಿತ್ತು. 'ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್', ರಾಜಕುಮಾರಿ ಸ್ನೋ ವೈಟ್, ಏಳು ಕುಳ್ಳರು, ಒಬ್ಬ ಕೆಟ್ಟ ರಾಣಿ ಇರುವ ಡಿಸ್ನಿಯ ಕಾರ್ಟೂನ್ ಸಿನಿಮಾ. 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಸಲ ತೆರೆಗೆ ಬಂದ ಚಿತ್ರ, 2023ರ ಅಕ್ಟೋಬರಿನಲ್ಲಿ ಹೊಸದಾಗಿ ಒಪ್ಪ ಮಾಡಿಸಿಕೊಂಡು ಈ ಡಿಸ್ಕಿಗೆ ಬಂತು. 4ಕೆ ಡಿಸ್ಕ್‌ಗಳಿಗೆ ದೇಶಕ್ಕೊಂದು ಬೀಗ ಇಲ್ಲ, ಅಲ್ಲಿ ಕೊಂಡಿದ್ದು ಇಲ್ಲೂ ಓಡುತ್ತದೆ. ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಒಂದನ್ನು ಹುಡುಕಿ ಇಟ್ಟುಕೊಂಡಿದ್ದೆ. ಇಷ್ಟಕ್ಕೆಲ್ಲ ಎಷ್ಟು ಖರ್ಚಾಯಿತು ಅಂತ ಇಲ್ಲಿ ಬರೆಯಲ್ಲ, ಮನೆಯವಳು ಓದುತ್ತಾಳೆ.

ಈ ಸಿನಿಮಾ ನಾನು ಮೊದಲು ನೋಡಿದ್ದು ಬಾಡಿಗೆಗೆ ತಂದ ವಿಸಿಡಿಯಲ್ಲಿ. ಅದರಲ್ಲಿ ಚಿತ್ರದ ಅಳತೆ 352ಕ್ಕೆ 288 ಚುಕ್ಕಿ. ಈಗಿನ 4ಕೆ ಪರದೆಯಲ್ಲಿ 3840ಕ್ಕೆ 2160. ಲೆಕ್ಕ ಹಾಕಿದರೆ ಎಂಬತ್ತು ಪಟ್ಟಿಗಿಂತ ಜಾಸ್ತಿ. ವಿಸಿಡಿಯಲ್ಲಿ ಕುಳ್ಳರ ಗಡ್ಡ ಬರೀ ಬಿಳಿ ಮುದ್ದೆ. ಆದರೂ ಖುಷಿಯಿಂದಲೇ ನೋಡಿದ್ದೆ ಅನ್ನಿ.

ಭಾನುವಾರ ಸಂಜೆ ಕಿಟಕಿಯ ಪರದೆ ಎಳೆದು, ಲೈಟ್ ಆರಿಸಿ ಶುರು ಮಾಡಿದೆ. ಮೊದಲ ತಕರಾರು ಮನೆಯವಳದು. "ಇಷ್ಟು ದೊಡ್ಡ ಟಿವಿ ತಂದು ಎರಡೂ ಕಡೆ ಕಪ್ಪು ಪಟ್ಟಿ ನೋಡೋದಾ?" ಆಗಿನ ಸಿನಿಮಾ ಹೆಚ್ಚುಕಮ್ಮಿ ಚೌಕವಾಗಿಯೇ ಇರುತ್ತಿತ್ತು. ನಮ್ಮ 55 ಇಂಚಿನ ಟಿವಿಯಲ್ಲಿ ಆಚೆ ಮುಕ್ಕಾಲು ಗೇಣು, ಈಚೆ ಮುಕ್ಕಾಲು ಗೇಣು ಖಾಲಿ ಬೀಳುತ್ತದೆ. ಎಳೆದು ಅಗಲ ಮಾಡಿದರೆ ರಾಣಿ ಡುಮ್ಮಿಯಾಗುತ್ತಾಳೆ. ಹಾಗೇ ಬಿಟ್ಟೆ.

ಎರಡನೇ ತಕರಾರು ಮಾವನದು. ಹತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಏನೋ ಇದು, ಎಣ್ಣೆ ಸವರಿದ ಹಾಗಿದೆ. ಕೈಯಲ್ಲಿ ಬರೆದಿದ್ದು ಅಂದೆಯಲ್ಲ, ಗೆರೆ ಎಲ್ಲಿ?"

"ತುಂಬ ಶಾರ್ಪಾಗಿದೆಯಲ್ಲ ಮಾವ. ಕಣ್ಣು ಇನ್ನೂ ಸರಿಹೋಗಿಲ್ಲವೇನೋ."

"ನನ್ನ ಕಣ್ಣು ಸರಿಯಾಗಿದೆ. ನಿನ್ನ ಟಿವಿಗೇ ಪೊರೆ ಬಂದಿದೆ."

ನಿಲ್ಲಿಸಿ ಸೆಟ್ಟಿಂಗ್ಸ್ ತೆಗೆದು ನೋಡಿದೆ. ನಾಚಿಕೆಯಾಯಿತು. ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಬಣ್ಣ ಕಣ್ಣಿಗೆ ಹೊಡೆಯುವ ಹಾಗೆ ಏರಿಸಿದ್ದು, ಶಾರ್ಪ್‌ನೆಸ್ ತುದಿಯಲ್ಲಿ, ನಾಯ್ಸ್ ರಿಡಕ್ಷನ್ ಆನ್, ಚಲನೆ ನುಣುಪು ಮಾಡುವ ಆಪ್ಷನ್ನೂ ಆನ್. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಕ್ಕದ ಟಿವಿಗಿಂತ ಚೆನ್ನಾಗಿ ಕಾಣಲಿ ಅಂತ ಇರುವ ವೇಷ ಅದು. ಹಳೆಯ ಫಿಲ್ಮಿನಲ್ಲಿ ಸಣ್ಣ ಕಣ ಓಡಾಡುತ್ತಿರುತ್ತದೆ. ಟಿವಿ ಅದನ್ನು ಕಸ ಅಂದುಕೊಂಡು ಒರೆಸುತ್ತದೆ, ಜೊತೆಗೆ ತೆಳು ಗೆರೆಯನ್ನೂ ಒರೆಸಿ ಹಾಕುತ್ತದೆ. ಚಲನೆಯ ಕಥೆ ಇನ್ನೂ ಕೆಟ್ಟದ್ದು. ಫಿಲ್ಮು ಸೆಕೆಂಡಿಗೆ 24 ಫ್ರೇಮು. ಕಾರ್ಟೂನಿನಲ್ಲಿ ಎಷ್ಟೋ ಕಡೆ ಒಂದೇ ಚಿತ್ರ ಎರಡು ಫ್ರೇಮು ನಿಲ್ಲುತ್ತದೆ, ಆ ನಡಿಗೆಯ ತಾಳವೇ ಅದು. ಟಿವಿ ನಡುವೆ ತಾನೇ ಫ್ರೇಮು ಹುಟ್ಟಿಸಿ ತುರುಕುತ್ತದೆ. ಯಾರೂ ಬರೆಯದೆ ಇದ್ದ ಚಿತ್ರವನ್ನು ಹತ್ತು ನಿಮಿಷ ನೋಡಿದ್ದೆವು.

ಎಲ್ಲ ಆಫ್ ಮಾಡಿ, ಸಿನಿಮಾಗೆ ಅಂತಲೇ ಇರುವ ಮೋಡ್ ಹಾಕಿ, ಮೊದಲಿಂದ ಶುರು ಮಾಡಿದೆ.

"ಅಯ್ಯೋ, ಮರಳು ಚೆಲ್ಲಿದ ಹಾಗಾಯ್ತಲ್ಲ, ಕೆಡಿಸಿಬಿಟ್ರಾ?" ಅಂದಳು ಮನೆಯವಳು. ಮಾವ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಈಗ ಸರಿಹೋಯ್ತು ನೋಡು."

ಅಲ್ಲಿಂದ ಮುಂದೆ ರಿಮೋಟ್ ಅವರ ಕೈಯಲ್ಲಿ. 83 ನಿಮಿಷದ ಸಿನಿಮಾ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ನಿಲ್ಲಿಸುವುದು, ಎದ್ದುಹೋಗಿ ಪರದೆಗೆ ಮೂಗು ತಾಗಿಸುವುದು, ಬಂದು ಕೂರುವುದು. ಡಾಕ್ಟರಿಗೆ ಹೇಳಬೇಡ ಅಂತ ನನಗೇ ತಾಕೀತು.

ಅವರು ಹಿಡಿದದ್ದು ಗೆರೆಯನ್ನು. ಸ್ನೋ ವೈಟ್ ಬಾವಿಯ ಹತ್ತಿರ ನಿಂತಿರುವ ಕಡೆ ನಿಲ್ಲಿಸಿ, "ತೋಳಿನ ಗೆರೆ ಕಪ್ಪಲ್ಲ ನೋಡು. ಮೈಬಣ್ಣಕ್ಕೆ ಒಂಚೂರು ಜಾಸ್ತಿ ಕಂದು, ಅಷ್ಟೇ. ಬಟ್ಟೆಗೆ ಬೇರೆ ಶಾಯಿ" ಅಂದರು. ನಿಜ. ಪೆನ್ಸಿಲಿನಲ್ಲಿ ಬರೆದದ್ದನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಒಂದೊಂದಾಗಿ ಕೈಯಿಂದಲೇ ತಿದ್ದಿದ್ದು, ಬಣ್ಣಕ್ಕೊಂದು ಶಾಯಿ. ಹಾಳೆ ತಿರುಗಿಸಿ ಹಿಂದಿನಿಂದ ಬಣ್ಣ ತುಂಬುತ್ತಿದ್ದರು, ಮುಂದಿನ ಗೆರೆ ಕೆಡಬಾರದಲ್ಲ. ಹೀಗಂದ ಕೂಡಲೇ ಮಾವನ ಮುಖ ಅರಳಿತು. "ಗಾಜಿನ ಬೋರ್ಡು! ನಾವೂ ಗಾಜಿನ ಬಾಗಿಲಿಗೆ ಒಳಗಡೆಯಿಂದಲೇ ಬರೀತಿದ್ದದ್ದು. ಮೊದಲು ಗೆರೆ, ಆಮೇಲೆ ತುಂಬೋದು. ಅಕ್ಷರ ಮಾತ್ರ ಉಲ್ಟಾ."

ಸ್ನೋ ವೈಟ್ ಕೆನ್ನೆಯ ಕೆಂಪನ್ನು ನಾನು ವಿಸಿಡಿಯಲ್ಲಿ ನೋಡಿಯೇ ಇರಲಿಲ್ಲ. ಇಲ್ಲಿ ಕಾಣುತ್ತದೆ. ಅಂಚು ಕಟ್ಟದೆ ತೇಲಿಸಿದ ಬಣ್ಣ, ಸೀರೆಗೆ ಹೊಂದುವ ಹಾಗೆ ಪೌಡರ್ ಹಚ್ಚಿಕೊಂಡವರ ಕೈ ಮಾತ್ರ ಮಾಡಬಲ್ಲದ್ದು. ಹಾಳೆ ಹಾಳೆಗೂ ಅದೇ ಜಾಗಕ್ಕೆ ಬೀಳಬೇಕು. ಒಂಚೂರು ಅತ್ತಿತ್ತ ಆದರೂ ಓಡುವಾಗ ಕೆನ್ನೆ ಮಿಣುಕುತ್ತದೆ.

ಫೋಟೋ ತೆಗೆದ ರೀತಿ ಹೇಳಿದಾಗ ಮಾವ ನಂಬಲಿಲ್ಲ. ಬಣ್ಣದ ಫಿಲ್ಮಿನಲ್ಲಿ ತೆಗೆದದ್ದಲ್ಲ ಅದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಗಾಜಿನ ಮೂಲಕ ಮೂರು ಸಲ ತೆಗೆದು, ಆಮೇಲೆ ಮೂರನ್ನೂ ಸೇರಿಸಿ ಬಣ್ಣ ಮಾಡುವುದು. ಸುಮಾರು 1 ಲಕ್ಷ 20 ಸಾವಿರ ಫ್ರೇಮು, ಮೂರರಷ್ಟು ಅಂದರೆ 3 ಲಕ್ಷ 60 ಸಾವಿರ ಕ್ಲಿಕ್ಕು. ಕಾಡಿನ ಆಳ ತೋರಿಸಲು ಗಾಜಿನ ಮೇಲೆ ಬರೆದ ಮರಗಳನ್ನು ಅಂತಸ್ತು ಅಂತಸ್ತಾಗಿ ಇಟ್ಟು ಮೇಲಿನಿಂದ ಕ್ಯಾಮೆರಾ ಹಿಡಿದ ದೃಶ್ಯಗಳೂ ಇವೆ. ಇಷ್ಟು ಗಾಜು, ಇಷ್ಟು ಹಾಳೆ ಅಂದಮೇಲೆ ಧೂಳು ಕೂರದೆ ಇರುತ್ತದಾ? ಅಲ್ಲೇ ತಾಪತ್ರಯ. 1993ರಲ್ಲೇ ಈ ಸಿನಿಮಾವನ್ನು ಪೂರ್ತಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಶುಚಿ ಮಾಡಿದ್ದರು. ಹಾಗೆ ಇಡಿಯಾಗಿ ಮಾಡಿಸಿಕೊಂಡ ಮೊದಲ ಸಿನಿಮಾ ಇದೇ. ಯಾವ ಕಸ ಒರೆಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ಆಗಿನಿಂದಲೂ ಜಗಳ. ನನ್ನ ಕೇಳಿದರೆ, ಆಮೇಲೆ ಬಿದ್ದ ಗೀರು ತೆಗೆಯಲಿ, ಕಣದ ತಂಟೆಗೆ ಹೋಗಬಾರದು. ಪ್ಲಾಸ್ಟಿಕ್ ಗೊಂಬೆಯ ಹಾಗೆ ಉಜ್ಜಿಟ್ಟ ಹಳೆಯ ಕಾರ್ಟೂನ್ ಡಿಸ್ಕ್‌ಗಳು ನನ್ನ ಕಪಾಟಿನಲ್ಲೇ ಎರಡಿವೆ.

ಈ ಹೊಸ ಡಿಸ್ಕಿನಿಂದ ನಿಜವಾಗಿ ಲಾಭ ಆದದ್ದು ಕತ್ತಲೆಗೆ. ಗಣಿಯಲ್ಲಿ ವಜ್ರ ಮಿನುಗುವಾಗ ಸುತ್ತಲಿನ ಕಲ್ಲು ಕಪ್ಪಾಗಿಯೇ ಉಳಿಯುತ್ತದೆ, ಬೂದಿಯಾಗಲ್ಲ. ಕೊನೆಗೆ ರಾಣಿಯನ್ನು ಬೆಟ್ಟದ ಮೇಲೆ ಅಟ್ಟಿಸಿಕೊಂಡು ಹೋಗುವಾಗ ಮಳೆ. ಒಂದೊಂದು ಹನಿಯ ಗೆರೆಯೂ ಬೇರೆ ಬೇರೆ ದಪ್ಪ. ಮಾವ ಅಲ್ಲಿ ನಿಲ್ಲಿಸಲೇ ಇಲ್ಲ. ರಿಮೋಟ್ ಮಡಿಲಲ್ಲೇ ಇತ್ತು.

ಮುಗಿದಮೇಲೆ ಶುರುವಿನ ಹೆಸರುಗಳನ್ನು ಇನ್ನೊಂದು ಸಲ ಹಾಕು ಅಂದರು. ಅವರಿಗೆ ಇಂಗ್ಲಿಷ್ ನಿಧಾನ. ನಾನು ಓದುತ್ತಾ ಹೋದೆ. ನಿರ್ದೇಶಕರು, ಕಥೆ, ಸಂಗೀತ, ಹಿನ್ನೆಲೆ ಬರೆದವರು, ಚಿತ್ರಕ್ಕೆ ಜೀವ ಕೊಟ್ಟವರು.

"ಗೆರೆ ತಿದ್ದಿದವರು?"

"ಅದು ಹೆಂಗಸರ ವಿಭಾಗ ಮಾವ. ಅವರ ಹೆಸರು ಹಾಕಿಲ್ಲ. ಸಿಬ್ಬಂದಿಗೆಲ್ಲ ಥ್ಯಾಂಕ್ಸ್ ಅಂತ ಒಂದು ಕಾರ್ಡ್ ಇದೆ ಅಷ್ಟೇ."

ಸ್ವಲ್ಪ ಹೊತ್ತು ಆ ಕಾರ್ಡನ್ನೇ ನೋಡಿದರು.

"ನಾವಾದ್ರೂ ಬೋರ್ಡಿನ ಮೂಲೇಲಿ ಸಣ್ಣಗೆ ಹಾಕ್ಕೋತಿದ್ವಿ."

ನಾನು ಡಿಸ್ಕ್ ತೆಗೆಯಲು ಎದ್ದೆ. ಅಡುಗೆಮನೆಯಿಂದ ತಟ್ಟೆ ಇಡುವ ಸದ್ದು. "ಇರಲಿ ಬಿಡೋ," ಅಂದರು ಮಾವ, "ಆ ಮಳೆ ಇನ್ನೊಂದ್ಸಲ ಹಾಕು."